ದಿನಾರ್ ಕೊಟ್ಟು ರಿಯಾಲ್ ಪಡೆದವರ ಲೆಕ್ಕ: ಹಳೆಯ ವಿನಿಮಯ ದರ ತೆಗೆಯುವುದು ಹೇಗೆ?

ದಾವಣಗೆರೆಯ ನಮ್ಮ ಬೀದಿಯಲ್ಲಿ ಕೊಲ್ಲಿ ದೇಶದಲ್ಲಿ ದುಡಿದು ಬಂದ ಹಿರಿಯರೊಬ್ಬರಿದ್ದಾರೆ. ಕಳೆದ ತಿಂಗಳು ರಟ್ಟು ಕಿತ್ತುಹೋದ ಲೆಕ್ಕದ ಪುಸ್ತಕವೊಂದನ್ನು ಹಿಡಿದು ಮನೆಗೆ ಬಂದರು. 1985ರ ಏಪ್ರಿಲ್‌ನಲ್ಲಿ ಬಹರೇನಿನಲ್ಲಿದ್ದ ಅವರು, ಒಮಾನಿನ ಮಸ್ಕತ್‌ನಲ್ಲಿದ್ದ ಭಾಮೈದನಿಗೆ 300 ದಿನಾರ್ ಕೈಗಡ ಕೊಟ್ಟಿದ್ದರು. ಮರುವರ್ಷದ ಮಾರ್ಚ್‌ನಲ್ಲಿ ಆತ 290 ರಿಯಾಲ್ ಹಿಂತಿರುಗಿಸಿದ. “ಹೆಚ್ಚೇ ಕೊಟ್ಟಿದ್ದೇನೆ ಎಂದು ಅವನು, ಕಡಿಮೆ ಬಂದಿದೆ ಎಂದು ನಾನು. ನಲವತ್ತು ವರ್ಷಗಳಿಂದ ಇದೇ ಮಾತು. ನೀವೇ ನೋಡಿ ಹೇಳಿ, ಮೇಷ್ಟ್ರೇ” ಎಂದರು.

ಎರಡು ಸಣ್ಣ ದೇಶಗಳ ಕರೆನ್ಸಿಗಳ ಹಳೆಯ ದರ ನೇರವಾಗಿ ಸಿಗುವುದು ಅಪರೂಪ. ನಮ್ಮ ಎಪಿಎಂಸಿಯಲ್ಲಿ ಒಂದು ಚೀಲ ಈರುಳ್ಳಿಗೆ ಎಷ್ಟು ಚೀಲ ಮೆಕ್ಕೆಜೋಳ ಎಂದು ಯಾರೂ ಕೂಗುವುದಿಲ್ಲವಲ್ಲ, ಹಾಗೆ. ಎರಡಕ್ಕೂ ರೂಪಾಯಿಯ ಧಾರಣೆ ಇರುತ್ತದೆ, ಬೇಕಾದವರು ಭಾಗಿಸಿಕೊಳ್ಳುತ್ತಾರೆ. ಕರೆನ್ಸಿಗಳ ಸಂತೆಯಲ್ಲಿ ರೂಪಾಯಿಯ ಆ ಕೆಲಸವನ್ನು ಸಾಮಾನ್ಯವಾಗಿ ಡಾಲರ್ ಮಾಡುತ್ತದೆ.

ಮೊದಲು ಕರೆನ್ಸಿಯ ಜಾತಕ

ದರಕ್ಕೆ ಕೈಹಾಕುವ ಮೊದಲು, ಆ ದಿನ ಆ ಕರೆನ್ಸಿ ಹುಟ್ಟಿತ್ತೇ ಎಂದು ನೋಡಿ. ಬಹರೇನಿನಲ್ಲಿ ದಿನಾರ್ ಬಂದದ್ದು 1965ರಲ್ಲಿ. ಅದಕ್ಕೆ ಮೊದಲು ಅಲ್ಲಿ ಓಡುತ್ತಿದ್ದುದು ನಮ್ಮ ರಿಸರ್ವ್ ಬ್ಯಾಂಕ್ 1959ರಿಂದ ಕೊಲ್ಲಿಗೆಂದೇ ಅಚ್ಚು ಹಾಕಿದ ರೂಪಾಯಿ. ಒಮಾನಿನಲ್ಲಿ ಆ ರೂಪಾಯಿ 1970ರವರೆಗೂ ಉಳಿದಿತ್ತು. ಕೆಲವು ದೇಶಗಳು ನಡುವೆ ಸೊನ್ನೆಗಳನ್ನೇ ಕತ್ತರಿಸಿವೆ: ಘಾನಾ 2007ರಲ್ಲಿ ನಾಲ್ಕು, ಜಾಂಬಿಯಾ 2013ರಲ್ಲಿ ಮೂರು. ಇದನ್ನು ಗಮನಿಸದಿದ್ದರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ.

ಅನಂತರ ಕೇಳಬೇಕಾದದ್ದು: ದರ ಕಟ್ಟುಹಾಕಿದ್ದೋ, ಮಾರುಕಟ್ಟೆಯಲ್ಲಿ ಏರಿಳಿಯುವುದೋ? ಕಟ್ಟುಹಾಕಿದ್ದಾದರೆ ಅರ್ಧ ಕೆಲಸ ಮುಗಿಯಿತು. ಭೂತಾನದ ನ್ಗುಲ್ಟ್ರಮ್ 1974ರಿಂದ ನಮ್ಮ ರೂಪಾಯಿಗೆ ಸಮ. ನೇಪಾಳಿ ರೂಪಾಯಿ 1993ರಿಂದ ನಮ್ಮ ಒಂದಕ್ಕೆ 1.60. ಹಾಗಾಗಿ 1995ರಲ್ಲಾಗಲಿ 2015ರಲ್ಲಾಗಲಿ ಒಂದು ನ್ಗುಲ್ಟ್ರಮ್‌ಗೆ 1.60 ನೇಪಾಳಿ ರೂಪಾಯಿ. ಇಲ್ಲಿ ಡಾಲರಿನ ಹಂಗೇ ಬೇಡ.

ಗುಣಿಸಬೇಕೋ, ಭಾಗಿಸಬೇಕೋ

ನನ್ನ ಅನುಭವದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಬಹರೇನಿನ ದರವನ್ನು ಒಂದು ಡಾಲರಿಗೆ ಎಷ್ಟು ದಿನಾರ್ ಎಂದು ಬರೆಯುವುದು ರೂಢಿ: 0.376. 1980ರ ಕೊನೆಯಿಂದ ಅದು ಕದಲಿಲ್ಲ. ಒಮಾನಿನದನ್ನು ಒಂದು ರಿಯಾಲಿಗೆ ಎಷ್ಟು ಡಾಲರ್ ಎಂದು ಬರೆಯುವುದುಂಟು. ಅದು 1973ರಿಂದ 2.895 ಇತ್ತು, 1986ರ ಜನವರಿಯಲ್ಲಿ ರಿಯಾಲನ್ನು ಅಪಮೌಲ್ಯಗೊಳಿಸಿ 2.6008ಕ್ಕೆ ಇಳಿಸಿದರು. ಒಂದರಲ್ಲಿ ಡಾಲರ್ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇರುವುದರಿಂದ ಎರಡನ್ನೂ ಗುಣಿಸಬೇಕು. ಎರಡೂ ‘ಒಂದು ಡಾಲರಿಗೆ ಇಷ್ಟು’ ಎಂದಿದ್ದರೆ ಭಾಗಿಸಬೇಕು.

1985ರ ದರ: 0.376 × 2.895, ಅಂದರೆ ಒಂದು ರಿಯಾಲಿಗೆ 1.0885 ದಿನಾರ್. 1986ರ ಮಾರ್ಚ್‌ನ ದರ: 0.376 × 2.6008, ಅಂದರೆ 0.9779 ದಿನಾರ್. ಸಾಲ ಪಡೆದಾಗ ರಿಯಾಲ್ ದಿನಾರಿಗಿಂತ ದೊಡ್ಡದಿತ್ತು, ತೀರಿಸುವಾಗ ಚಿಕ್ಕದಾಗಿತ್ತು! ಇಬ್ಬರ ಜಗಳದ ಬೇರು ಇದೇ.

ಕೊಟ್ಟ ದಿನದ ದರ ಹಿಡಿದರೆ 290 ರಿಯಾಲ್ ಎಂದರೆ 315.671 ದಿನಾರ್; ಭಾಮೈದ ಹೆಚ್ಚೇ ಕೊಟ್ಟಿದ್ದಾನೆ. ಮರಳಿಸಿದ ದಿನದ ದರ ಹಿಡಿದರೆ 283.591, ನಮ್ಮ ಹಿರಿಯರಿಗೆ 16.409 ದಿನಾರ್ ಬಾಕಿ. ಈ ದಶಾಂಶಗಳನ್ನು ಎರಡಕ್ಕೆ ಮೊಟಕುಗೊಳಿಸಬೇಡಿ. ಒಂದು ದಿನಾರಿಗೆ ಸಾವಿರ ಫಿಲ್ಸ್, ಒಂದು ರಿಯಾಲಿಗೆ ಸಾವಿರ ಬೈಸಾ. ಅದಕ್ಕೇ ಅಲ್ಲಿನ ರಸೀದಿಗಳಲ್ಲಿ ಬಿಂದುವಿನ ನಂತರ ಮೂರು ಅಂಕಿ. ಹಿರಿಯರ ಪುಸ್ತಕದಲ್ಲಿ 12.500 ಎಂದಿದ್ದ ಊಟದ ಖರ್ಚನ್ನು ನಾನೇ ಮೊದಲು ಹನ್ನೆರಡು ಸಾವಿರದ ಐನೂರು ಎಂದು ಓದಿ ನಗೆಗೀಡಾದೆ.

ಯಾವ ದಿನದ ದರ ಹಿಡಿಯಬೇಕು ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. ದಿನಾರಿನಲ್ಲಿ ಕೊಟ್ಟ ಸಾಲ ದಿನಾರಿನಲ್ಲೇ ನಿಲ್ಲುತ್ತದೆ, ಆದ್ದರಿಂದ ತೀರಿಸಿದ ದಿನದ ದರವೇ ಸರಿ ಎಂಬುದು ನನ್ನ ಪಕ್ಷ. ರಿಯಾಲಿನಲ್ಲೇ ತೀರಿಸುತ್ತೇನೆ ಎಂದು ಮೊದಲೇ ಮೊತ್ತ ಗೊತ್ತುಮಾಡಿಕೊಂಡಿದ್ದರೆ ಮಾತು ಬೇರೆ.

ಏರಿಳಿಯುವ ಕರೆನ್ಸಿಯಾದರೆ

ಆಗ ತಾರೀಕು ಬಿಗಿಯಾಗಿರಬೇಕು. ಎರಡೂ ಕರೆನ್ಸಿಗಳಿಗೆ ಒಂದೇ ದಿನದ, ಒಂದೇ ಬಗೆಯ ದರ ತೆಗೆದುಕೊಳ್ಳಿ. ಒಂದಕ್ಕೆ ತಿಂಗಳ ಸರಾಸರಿ, ಇನ್ನೊಂದಕ್ಕೆ ತಿಂಗಳ ಕೊನೆಯ ದರ ಸೇರಿಸಿದರೆ ಸಕ್ಕರೆಯನ್ನು ಸೇರಿನಲ್ಲಿ ಅಳೆದು ಕಿಲೋ ಎಂದಂತಾಗುತ್ತದೆ. ಶ್ರೀಲಂಕಾದ 2022ರ ಮಾರ್ಚ್ ನೋಡಿ: ತಿಂಗಳ ಮೊದಲಿಗೆ ಡಾಲರಿಗೆ 200 ರೂಪಾಯಿಯ ಆಸುಪಾಸು, ಕೊನೆಗೆ 290 ದಾಟಿತ್ತು. ಅಂಥ ತಿಂಗಳ ಸರಾಸರಿ ಯಾರ ಕೈಗೂ ಸಿಕ್ಕ ದರವಲ್ಲ.

ಹಳೆಯ ದರಗಳಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕೋಷ್ಟಕಗಳೂ ಆಯಾ ದೇಶದ ಕೇಂದ್ರೀಯ ಬ್ಯಾಂಕಿನ ಜಾಲತಾಣವೂ ನಂಬಲು ಯೋಗ್ಯ. ಎರಡು ಕರೆನ್ಸಿಗಳ ಹೆಸರು ಒತ್ತಿದರೆ ಥಟ್ಟನೆ ಅಂಕಿ ತೋರಿಸುವ ತಾಣಗಳನ್ನು ತಾಳೆ ನೋಡಲು ಮಾತ್ರ ಬಳಸಿ. ಸಣ್ಣ ಕರೆನ್ಸಿಗಳ ವಿಷಯದಲ್ಲಿ ಅವೂ ಹೆಚ್ಚಾಗಿ ಇದೇ ಗುಣಾಕಾರ ಮಾಡಿರುತ್ತವೆ. ನಿಮ್ಮಲ್ಲಿ ಹಣ ಬದಲಿಸಿದ ಅಂಗಡಿಯ ರಸೀದಿಯೇ ಇದ್ದರೆ ಇದಾವುದೂ ಬೇಡ. ಕಮಿಷನ್ ಮುರಿದುಕೊಂಡು ನಿಜವಾಗಿ ಕೈಗೆ ಬಂದ ದರ ಅದೇ.

ಉತ್ತರ ಬಂದ ಮೇಲೆ ತಾರೀಕು, ಎರಡೂ ದರ, ಯಾವುದಕ್ಕೆ ಯಾವುದು ಎಂಬ ದಿಕ್ಕು, ಎಲ್ಲಿಂದ ತೆಗೆದದ್ದು ಎಂಬುದನ್ನು ಪಕ್ಕದಲ್ಲೇ ಬರೆದಿಡಿ. ಹಿರಿಯರ ಪುಸ್ತಕದಲ್ಲಿ ನಾನು ಹಾಗೆಯೇ ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಎರಡು ಬಾರಿ ಓದಿ, ಹರಿಹರದಲ್ಲಿರುವ ಭಾಮೈದನಿಗೆ ಅಲ್ಲಿಂದಲೇ ಫೋನ್ ಮಾಡಿದರು: “ಹದಿನಾರು ದಿನಾರ್ ಇರಲಿ ಬಿಡೋ, ಆ ನಾನೂರ ಒಂಬತ್ತು ಫಿಲ್ಸ್ ಮಾತ್ರ ಕೊಟ್ಟುಬಿಡು.”