ಬಾಡಿಗೆ ಕೇಸಿನ ಖರ್ಚು: ನಾನು ಕಲಿತದ್ದು

ಶಿವಮೊಗ್ಗದಲ್ಲಿ ವಕೀಲಿ ಶುರು ಮಾಡಿದ ಹೊಸತು. ಬಾಡಿಗೆಯವರನ್ನು ಬಿಡಿಸುವ ದಾವೆಯೊಂದು ಗೆದ್ದೆ. ತೀರ್ಪಿನಲ್ಲಿ ಖರ್ಚು ಸಹಿತ ಡಿಕ್ರಿ ಅಂತಿತ್ತು, ಅಂದರೆ ಸೋತವರು ನಮ್ಮ ಕೇಸಿನ ಖರ್ಚನ್ನೂ ಕೊಡಬೇಕು ಅಂತ ಕೋರ್ಟಿನ ಆದೇಶ. ಡಿಕ್ರಿಯ ನಕಲು ಕೈಗೆ ಬಂದಾಗ ನೋಡಿದರೆ ಕೋರ್ಟ್ ಫೀ, ಸಮನ್ಸ್ ಕಳಿಸುವ ಪ್ರೊಸೆಸ್ ಫೀ ಬಿಟ್ಟು ಮಿಕ್ಕ ಕಡೆಯೆಲ್ಲ ಬರೀ ಗೆರೆ! ತಪ್ಪು ನನ್ನದೇ. ನಾನು ಖರ್ಚಿನ ಮೆಮೊ, ಅಂದರೆ ಆದ ಖರ್ಚಿನ ಪಟ್ಟಿ, ಕೋರ್ಟಿಗೆ ಹಾಕಿರಲೇ ಇಲ್ಲ.

ಮುಂದಿನ ಕೇಸು ತೀರ್ಥಹಳ್ಳಿಯ ಮನೆ ಮಾಲೀಕರೊಬ್ಬರದ್ದು. ಶಿವಮೊಗ್ಗದ ಮನೆ, ತಿಂಗಳಿಗೆ 6,000 ಬಾಡಿಗೆ. ಬಾಡಿಗೆ 3,500 ದಾಟಿದರೆ 1999ರ ಬಾಡಿಗೆ ಕಾಯಿದೆ ಅನ್ವಯಿಸುವುದಿಲ್ಲ, ಹಾಗಾಗಿ ನೋಟಿಸು ಕೊಟ್ಟು ಸಿವಿಲ್ ದಾವೆ. ಈ ಸಲ ಮೊದಲ ದಿನದಿಂದಲೇ ಚೀಟಿ ಕೂಡಿಡಿ ಅಂದೆ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 20ಎ ಓದಿದ್ದೆನಲ್ಲ, ನೋಟಿಸಿನ ಖರ್ಚು, ಟೈಪಿಂಗ್, ಸಾಕ್ಷಿಗಳನ್ನು ಕರೆತಂದ ಖರ್ಚು ಎಲ್ಲ ಅದರಲ್ಲಿದೆ.

ಅವರೂ ಪಾಪ, ಒಂದೂ ಬಿಡದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರು, ಮಳೆಗಾಲದ ತೇವ ತಾಗಬಾರದು ಅಂತ. ಬಿಚ್ಚಿದಾಗ ಹೊಗೆ ವಾಸನೆ. ಅಂಚೆ ಕಚೇರಿಯ ರಿಜಿಸ್ಟರ್ ರಸೀದಿ ಶಾಖಕ್ಕೆ ಪೂರ್ತಿ ಕಪ್ಪು, ಒಂದಕ್ಷರವೂ ಓದಲಾಗದು. ಶಾಖದಿಂದ ಅಕ್ಷರ ಮೂಡುವ ಆ ಕಾಗದವೇ ಹಾಗೆ, ಸುಮ್ನೆ ಇಟ್ಟರೂ ಅಕ್ಷರ ಮಾಸುತ್ತದೆ. ಪುಣ್ಯಕ್ಕೆ ಒಂದು ಜೆರಾಕ್ಸ್ ನನ್ನ ಫೈಲಿನಲ್ಲಿತ್ತು.

ವಾದ ಮುಗಿದ ದಿನವೇ ಮೆಮೊ ಹಾಕಿದೆ. ಆದರೆ ಇನ್ನೊಂದು ಎಡವಟ್ಟು. ಎದುರಿನವರು ವಾಯಿದೆ ಮೇಲೆ ವಾಯಿದೆ ಕೇಳುತ್ತಿದ್ದಾಗ ಅದೇ ಸಿಪಿಸಿಯ ಕಲಂ 35ಬಿ ಕೆಳಗೆ ಖರ್ಚು ಹಾಕಿಸಿದ್ದೆ. ಬಲು ಚಂದದ ಕಲಂ ಅದು, ದುಡ್ಡು ಕಟ್ಟದೆ ಅವರು ಕೇಸು ಮುಂದೆ ನಡೆಸುವ ಹಾಗಿಲ್ಲ. ಅವರು ಕಟ್ಟಿದ್ದರು. ಕಟ್ಟಿದ ಮೇಲೆ ಅದು ಕೊನೆಯ ಡಿಕ್ರಿಯ ಖರ್ಚಿಗೆ ಸೇರುವುದಿಲ್ಲ, ನಾನು ಸೇರಿಸಿಬಿಟ್ಟಿದ್ದೆ. ಎದುರು ವಕೀಲರು ನಗುತ್ತಲೇ ತೋರಿಸಿದರು, ಎರಡು ಸಲ ವಸೂಲಿ ಮಾಡ್ತೀರಾ ಅಂತ. ಮೆಮೊದಲ್ಲಿ ಆ ಸಾಲನ್ನು ಅಲ್ಲೇ ಹೊಡೆದುಹಾಕಿದೆ.

ಸೆಡ್ಡು ಹೊಡೆದು, ಸುಳ್ಳು ತಕರಾರಿಗೆ ಪರಿಹಾರ ಕೊಡಿಸುವ 35ಎ ಕೂಡ ಕೇಳೋಣ ಅಂದರು ಕಕ್ಷಿದಾರರು. ಸುಳ್ಳು ತಕರಾರು ಅಂತ ಸಾಬೀತಾದರೂ ಅದರ ಮಿತಿ 3,000 ರೂಪಾಯಿ. ಅದಕ್ಕಾಗಿ ಇನ್ನೊಂದು ಜಗಳ ಯಾಕೆ ಅಂತ ಬಿಟ್ಟೆವು. ಗೆದ್ದವರಿಗೆ ಖರ್ಚು ಕೊಡದಿದ್ದರೆ ಕೋರ್ಟು ಕಾರಣ ಬರೆಯಲೇಬೇಕು, ಕಲಂ 35 ಹಾಗೇ ಹೇಳುತ್ತದೆ. ನಮಗೆ ಆ ಪ್ರಶ್ನೆ ಬರಲಿಲ್ಲ, ಮೆಮೊದಲ್ಲಿದ್ದ ಬಹುಪಾಲು ಡಿಕ್ರಿಗೆ ಬಂತು.

ನಕಲು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ, 'ಬರುವ ದಾರಿಯಲ್ಲಿ ಮಂಡಗದ್ದೆಯಲ್ಲಿ ಬಸ್ಸಿಳಿದು ಕುಡಿದ ಕಾಫಿಗೂ ಚೀಟಿ ತಗೋಬೇಕಿತ್ತಾ ಸಾರ್?'