ಡೀಸೆಲ್ ಟೆಂಪೋ ಬದಲು ಎಲೆಕ್ಟ್ರಿಕ್ ಗಾಡಿ: ಬೆಂಗಳೂರಿನ ಡೆಲಿವರಿಗೆ ಲೆಕ್ಕ ಹಾಕುವುದು ಹೇಗೆ

ಎಲೆಕ್ಟ್ರಿಕ್ ಗೂಡ್ಸ್ ಗಾಡಿ ನೋಡಲು ಹೋದವರು ಶೋರೂಮಿನಲ್ಲಿ ಮೊದಲು ಕೇಳುವುದು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ. ಅದಕ್ಕೂ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು: ಗಾಡಿ ರಾತ್ರಿ ಎಲ್ಲಿ ಮಲಗುತ್ತೆ? ಅಲ್ಲಿ ನಿಮ್ಮದೇ ಮೀಟರಿನ ಕರೆಂಟ್ ಇದ್ದರೆ ಈ ವ್ಯವಹಾರ ಬಹುಮಟ್ಟಿಗೆ ಕೈಹಿಡಿಯುತ್ತದೆ. ಗಾಡಿ ನಿಲ್ಲುವುದು ಚಾಮರಾಜಪೇಟೆಯ ರಸ್ತೆ ಬದಿಯಲ್ಲೋ ಯಾರದೋ ಖಾಲಿ ಸೈಟಿನಲ್ಲೋ ಆದರೆ, ಎಂಥ ಗಾಡಿ ತಂದರೂ ಡ್ರೈವರ್ ದಿನಾ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸರದಿ ಕಾಯಬೇಕು.

ಒಂದು ವಾರದ ಪುಸ್ತಕ

ಈಗ ಓಡುತ್ತಿರುವ ಡೀಸೆಲ್ ಗಾಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ಏಳು ದಿನ ಬರೆಯಬೇಕಾದದ್ದು ನಾಲ್ಕೇ: ಬೆಳಿಗ್ಗೆ ಮತ್ತು ಸಂಜೆಯ ಮೀಟರ್ ರೀಡಿಂಗ್, ಆ ದಿನ ಹೇರಿದ ಅತಿ ಹೆಚ್ಚು ತೂಕ, ಗಾಡಿ ವಾಪಸ್ ಬಂದ ಸಮಯ, ಮತ್ತೆ ಹೊರಟ ಸಮಯ. ಸರಾಸರಿ ನಂಬಿ ಕೂರಬೇಡಿ. ಹಬ್ಬದ ಹಿಂದಿನ ದಿನದಂಥ ಅತಿ ಭಾರದ ದಿನವನ್ನೇ ಅಳತೆಗೋಲು ಮಾಡಿಕೊಳ್ಳಿ.

ರೇಂಜ್, ಅಂದರೆ ಒಂದು ಚಾರ್ಜಿನ ಓಟದ ಲೆಕ್ಕ ಹೀಗೆ. 2022ರಲ್ಲಿ ಬಂದ ಟಾಟಾ ಏಸ್ ಇವಿಯ ಬ್ಯಾಟರಿ 21.3 ಯೂನಿಟ್, ಪ್ರಮಾಣಪತ್ರದ ರೇಂಜ್ 154 ಕಿ.ಮೀ. ಲೋಡು, ಏರು, ತಗ್ಗುಗುಂಡಿ, ಡ್ರೈವರನ ಕಾಲು ಎಲ್ಲ ಸೇರಿ ಇದರಲ್ಲಿ ಶೇ. 65 ಸಿಕ್ಕೀತು ಎಂದು ಹಿಡಿಯಿರಿ. ಸುಮಾರು 100 ಕಿ.ಮೀ. ವರ್ಷಗಳು ಕಳೆದಂತೆ ಬ್ಯಾಟರಿ ಸವೆಯುವುದಕ್ಕೆ ಇನ್ನೂ ಐದನೇ ಒಂದು ಭಾಗ ಕಳೆಯಿರಿ. ಉಳಿದದ್ದು 80. ನಿಮ್ಮ ಅತಿ ಭಾರದ ದಿನದ ಓಟ ಈ 80ರೊಳಗೆ ಬಂದರೆ ರಾತ್ರಿಯ ಒಂದೇ ಚಾರ್ಜಿನಲ್ಲಿ ವರ್ಷಗಟ್ಟಲೆ ನೆಮ್ಮದಿ. 110 ಬಂದರೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎರಡು ಗಂಟೆಯಾದರೂ ಪ್ಲಗ್ ಹಾಕುವ ಜಾಗ ಬೇಕು. 150 ಮೀರಿದರೆ ಈ ಗಾತ್ರದ ಗಾಡಿ ಬೇಡ.

ಟ್ರಾಫಿಕ್ ಜಾಮಿನಲ್ಲಿ ಬ್ಯಾಟರಿ ಖಾಲಿಯಾಗಿಬಿಡುತ್ತದೆ ಎಂಬ ಭಯ ಬಹಳ ಜನರಿಗಿದೆ. ಆಗುವುದು ಇದರ ತಿರುವುಮುರುವು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಾಗ ಡೀಸೆಲ್ ಎಂಜಿನ್ ಗುಡುಗುಡು ಎನ್ನುತ್ತಾ ಎಣ್ಣೆ ಕುಡಿಯುತ್ತಲೇ ಇರುತ್ತದೆ. ಮೋಟಾರು ಗಾಡಿ ನಿಂತರೆ ತಾನೂ ನಿಲ್ಲುತ್ತದೆ. ಬ್ರೇಕ್ ಹಿಡಿದಾಗ, ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ, ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ರೇಂಜನ್ನು ನಿಜವಾಗಿ ತಿನ್ನುವುದು ಅತಿ ಲೋಡು, ಗಾಳಿ ಕಡಿಮೆಯಿರುವ ಟೈರು, ಎತ್ತರದ ಪೆಟ್ಟಿಗೆ ಕಟ್ಟಿಕೊಂಡು ನೈಸ್ ರಸ್ತೆಯಲ್ಲಿ ಒಂದೇ ಸಮನೆ ವೇಗವಾಗಿ ಓಡಿಸುವುದು. ನಿಂತು ನಿಂತು ಸಾಗುವ ಊರಿನೊಳಗಿನ ಓಟವೇ ಈ ಗಾಡಿಯ ಸ್ವಂತ ಮೈದಾನ.

ತೂಕದ ವಿಷಯದಲ್ಲಿ ಮಾತ್ರ ಹಳೆಯ ಅಭ್ಯಾಸ ಬಿಡಲೇಬೇಕು. 20 ಲೀಟರಿನ ನೀರಿನ ಕ್ಯಾನ್ ತುಂಬಿದಾಗ ಸುಮಾರು 21 ಕೆ.ಜಿ. 600 ಕೆ.ಜಿ. ಹೊರುವ ಗಾಡಿಗೆ 28 ಕ್ಯಾನ್, ಅಷ್ಟೇ. ಡೀಸೆಲ್ ಗಾಡಿಗೆ 45 ಹೇರಿ ರೂಢಿಯಾದವರು ಇಲ್ಲೂ ಹೇರಿದರೆ ರೇಂಜ್ ಕುಸಿಯುತ್ತದೆ, ಏರಿನಲ್ಲಿ ಮೋಟಾರು ಮತ್ತು ಕಂಟ್ರೋಲರ್ ಕಾದು ಶಕ್ತಿ ತಾನಾಗಿಯೇ ತಗ್ಗುತ್ತದೆ. ಈ ಬಿಸಿ ಮತ್ತು ಕರೆಂಟಿನ ದಾಖಲೆ ಗಾಡಿಯ ಒಳಗೇ ಉಳಿಯುವುದರಿಂದ ನಾಳೆ ವಾರಂಟಿ ಕೇಳುವಾಗ ತೊಡಕಾಗಬಹುದು. ಲೋಡು ನಿಜಕ್ಕೂ ಹೆಚ್ಚಿದ್ದರೆ ಮೊದಲೇ ಒಂದು ಟನ್ ಹೊರುವ ಏಸ್ ಇವಿ 1000ನಂಥದ್ದನ್ನು ನೋಡಿ. ದಿನಸಿ, ಔಷಧಿ, ಕೊರಿಯರ್ ಪಾರ್ಸೆಲ್‌ಗಾದರೆ ಮಹೀಂದ್ರ ಟ್ರಿಯೊ ಜೋರ್‌ನಂಥ 550 ಕೆ.ಜಿ.ಯ ಮೂರು ಚಕ್ರದ ಗಾಡಿಯೇ ಸಾಕು. ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅದೇ ವಾಸಿ ಕೂಡ.

ಹಣದ ಲೆಕ್ಕ, ಒಂದೇ ಉದಾಹರಣೆಯಲ್ಲಿ

ದಿನಕ್ಕೆ 80 ಕಿ.ಮೀ., ತಿಂಗಳಿಗೆ 26 ದಿನ. ಒಟ್ಟು 2,080 ಕಿ.ಮೀ. ಡೀಸೆಲ್ ಮಿನಿ ಟ್ರಕ್ ಊರೊಳಗೆ ಲೀಟರಿಗೆ 15 ಕೊಡುತ್ತದೆ, ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 12,480 ರೂಪಾಯಿ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್ ನಷ್ಟವೂ ಸೇರಿ ಕಿಲೋಮೀಟರಿಗೆ 0.225 ಯೂನಿಟ್ ಎಳೆದರೆ 468 ಯೂನಿಟ್. ಸ್ವಂತ ಮೀಟರಿನಲ್ಲಿ ಎಲ್ಲ ಸೇರಿ ಯೂನಿಟ್ಟಿಗೆ 8 ರೂಪಾಯಿ ಬಿದ್ದರೆ 3,744. ಉಳಿತಾಯ 8,736 ರೂಪಾಯಿ.

ಇದೇ ಗಾಡಿಯನ್ನು ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 18 ರೂಪಾಯಿ ಕೊಟ್ಟು ತುಂಬಿಸಿದರೆ? ಖರ್ಚು 8,424ಕ್ಕೆ ಏರಿ ಉಳಿತಾಯ 4,056ಕ್ಕೆ ಇಳಿಯುತ್ತದೆ, ಅರ್ಧಕ್ಕಿಂತ ಕಡಿಮೆ.

ಇದನ್ನು ಸಾಲಕ್ಕೆ ಹೊಂದಿಸಿ ನೋಡಿ. ಶೇ. 11 ಬಡ್ಡಿಯಲ್ಲಿ ಐದು ವರ್ಷಕ್ಕೆ ಪ್ರತಿ ಒಂದು ಲಕ್ಷ ಹೆಚ್ಚುವರಿ ಸಾಲದ ಕಂತು ತಿಂಗಳಿಗೆ ಸುಮಾರು 2,175 ರೂಪಾಯಿ. ಅಂದರೆ ಸ್ವಂತ ಕರೆಂಟ್ ಇರುವವರು ಡೀಸೆಲ್ ಗಾಡಿಗಿಂತ ನಾಲ್ಕು ಲಕ್ಷ ಹೆಚ್ಚು ಕೊಟ್ಟರೂ ಕಂತು ಉಳಿತಾಯದಲ್ಲೇ ತೀರುತ್ತದೆ. ಹೊರಗೆ ಚಾರ್ಜ್ ಮಾಡುವವರಿಗೆ ಎರಡು ಲಕ್ಷದ ವ್ಯತ್ಯಾಸವೂ ಭಾರ. ಬಡ್ಡಿ, ಡೀಸೆಲ್ ದರ, ಕರೆಂಟ್ ದರದ ಜಾಗದಲ್ಲಿ ನಿಮ್ಮ ಅಂಕಿ ಹಾಕಿ ಇದೇ ರೀತಿ ಕೂಡಿ ಕಳೆಯಿರಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಕ್ಲಚ್ ಪ್ಲೇಟ್ ಖರ್ಚು ಇಲ್ಲವಾಗುವುದು ಇದರ ಮೇಲಿನ ಲಾಭ.

ಚಾರ್ಜಿಂಗ್ ಪಾಯಿಂಟ್: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಹೆಚ್ಚಿನ ತೊಂದರೆಗಳು ಗಾಡಿಯಲ್ಲಿ ಹುಟ್ಟುವುದಿಲ್ಲ, ಗೋಡೆಯ ಸಾಕೆಟ್ಟಿನಲ್ಲಿ ಹುಟ್ಟುತ್ತವೆ. ಗೋದಾಮಿನಲ್ಲಿರುವ 16 ಆಂಪ್ ಸಾಕೆಟ್ ಗೀಸರಿಗೆಂದು ಹಾಕಿದ್ದು. ಗೀಸರ್ ಅರ್ಧ ಗಂಟೆ ಉರಿದು ನಿಲ್ಲುತ್ತದೆ. 3.3 ಕಿಲೋವ್ಯಾಟಿನ ಚಾರ್ಜರ್ 14ರಿಂದ 15 ಆಂಪ್‌ನಂತೆ ಏಳು ಗಂಟೆ ಎಡೆಬಿಡದೆ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ತುಟಿ ಸ್ವಲ್ಪ ಸಡಿಲವಾಗಿದ್ದರೂ ಸಾಕು: ಪಿನ್ನಿನ ಸುತ್ತ ಮೊದಲು ಕಂದು ಬಣ್ಣ, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕೊನೆಗೆ ಪಿನ್ನು ಸಾಕೆಟ್ಟಿಗೇ ಅಂಟಿಕೊಂಡಿರುತ್ತದೆ.

ಹಾಗಾಗಿ ಪ್ರತಿ ಗಾಡಿಗೂ ಮೀಟರ್ ಬೋರ್ಡಿನಿಂದ ನೇರ ಪ್ರತ್ಯೇಕ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಕರೆಂಟ್ ಮಿತಿ ಮೀರಿದರೆ ತಾನೇ ಆರುವ 20 ಆಂಪ್ ಸಿ-ಕರ್ವ್ ಎಂಸಿಬಿ, ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಎ-ಟೈಪ್ ಆರ್‌ಸಿಸಿಬಿ. ಸಾಕೆಟ್ ಒಳ್ಳೆಯ ದರ್ಜೆಯದಾಗಿರಲಿ. ಚಾರ್ಜರ್ ಕಂಪನಿ ಒಪ್ಪಿದರೆ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಇನ್ನೂ ಉತ್ತಮ. ಎಕ್ಸ್‌ಟೆನ್ಷನ್ ಬಾಕ್ಸ್ ಯಾವ ಕಾರಣಕ್ಕೂ ಬೇಡ. 16 ಆಂಪ್ ಎಂಸಿಬಿಯೇ ಸಾಕೆಂದು ಎಲೆಕ್ಟ್ರಿಷಿಯನ್ ಹೇಳಿದರೆ ಒಪ್ಪಬೇಡಿ: ಮಧ್ಯರಾತ್ರಿ ಬಿಸಿಗೆ ಅದು ಟ್ರಿಪ್ ಆದರೆ ಬೆಳಿಗ್ಗೆ ನಾಲ್ಕಕ್ಕೆ ನಿಮಗೆ ಸಿಗುವುದು ಅರ್ಧ ಚಾರ್ಜಿನ ಗಾಡಿ.

ಅರ್ಥಿಂಗ್ ಇನ್ನೊಂದು ಮುಖ್ಯ ವಿಷಯ. ಹಳೆಯ ಪೇಟೆಯ ಕಟ್ಟಡಗಳಲ್ಲಿ ಅರ್ಥ್ ವೈರು ಹೆಸರಿಗೆ ಮಾತ್ರ ಇರುವುದುಂಟು. ಬಹುತೇಕ ಚಾರ್ಜರ್‌ಗಳು ಅರ್ಥ್ ಸಿಗದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ, ಜನ ಗಾಡಿ ಕೆಟ್ಟಿತು ಎಂದುಕೊಳ್ಳುತ್ತಾರೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಲೋಡು ಇರುವಾಗಲೇ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಡಿಸಿ ನೋಡಿ. ಎರಡು-ಮೂರು ವೋಲ್ಟಿನೊಳಗಿದ್ದರೆ ಸರಿ. ಅದಕ್ಕಿಂತ ಬಹಳ ಮೇಲಿದ್ದರೆ ಹೊಸ ಅರ್ಥ್ ಪಿಟ್ ತೋಡಿಸಿ. ಅರ್ಥ್ ಪಿನ್ ತೆಗೆದು, ಚಾರ್ಜರಿಗೆ ಮೋಸ ಮಾಡಿ ಓಡಿಸುವ ಉಪಾಯ ಹೇಳಿಕೊಡುವವರೂ ಇದ್ದಾರೆ. ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟುವ ಹುಡುಗನ ಜೀವ ಆ ಪಿನ್ನಿನ ಮೇಲಿದೆ.

ಮೊದಲ ವಾರ ರಾತ್ರಿ ಪ್ಲಗ್ ಹಾಕಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಎಂಸಿಬಿ ಇಳಿಸಿ, ಸಾಕೆಟ್ ಬದಲಿಸಿದ ಮೇಲೆಯೇ ಮುಂದುವರಿಸಿ.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟೆಂದು ಬರೆದಿರುತ್ತದೆ. 3 ಕಿಲೋವ್ಯಾಟ್ ಇರುವ ಅಂಗಡಿಗೆ ಒಂದು ಗಾಡಿ ಸೇರಿಸಿದರೂ ಮೀರುತ್ತದೆ. ಮೂರು ಗಾಡಿಗೆ ಒಟ್ಟಿಗೆ ಬೇಕಾಗುವುದು 10 ಕಿಲೋವ್ಯಾಟ್. ಲೋಡು ಹೆಚ್ಚಿಸಿಕೊಳ್ಳಿ, ಅಥವಾ ಇವಿ ಚಾರ್ಜಿಂಗಿಗೆಂದೇ ಇರುವ ದರದಲ್ಲಿ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಹಾಕಿ. ಗೋದಾಮು ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಪತ್ರವನ್ನು ಗಾಡಿ ಬುಕ್ ಮಾಡುವ ಮುಂಚೆಯೇ ಕೈಗೆ ತೆಗೆದುಕೊಳ್ಳಿ.

ಹೊರಗಿನ ಸ್ಟೇಷನ್ ನಂಬುವ ಮೊದಲು ಅಲ್ಲಿನ ಚಾರ್ಜಿಂಗ್ ಗನ್ ನಿಮ್ಮ ಗಾಡಿಗೆ ಹೊಂದುತ್ತದೆಯೇ ನೋಡಿ. ಕಾರುಗಳಿಗೆ ಇಟ್ಟಿರುವ ಸಿಸಿಎಸ್2 ಗನ್ ನಾಲ್ಕು ಚಕ್ರದ ಹಲವು ಗಾಡಿಗಳಿಗೆ ಸರಿಹೋಗುತ್ತದೆ. 48 ವೋಲ್ಟಿನ ಮೂರು ಚಕ್ರದ ಗಾಡಿಗೆ ಅದು ಕೂರುವುದೇ ಇಲ್ಲ.

ಸದ್ದಿಲ್ಲದಿರುವುದರ ಲಾಭ, ಅಪಾಯ

ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್, ಹಗಲು 55; 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುವುದು ಹೀಗೆ. ಹಾಲು, ಹೂವು, ತರಕಾರಿ ಓಡಾಡುವುದು ಇದೇ ಹೊತ್ತಿನಲ್ಲಿ. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ನಾಲ್ಕೂವರೆಗೆ ಡೀಸೆಲ್ ಗಾಡಿ ಎಂಜಿನ್ ಆರಿಸದೆ ನಿಂತು ಕ್ರೇಟ್ ಇಳಿಸಿದರೆ ಇಡೀ ಬೀದಿ ಎಚ್ಚರ. ವೇಗ ಹೆಚ್ಚಿದಾಗ ಟೈರಿನ ಸದ್ದೇ ದೊಡ್ಡದಾಗುವುದರಿಂದ ರಿಂಗ್ ರೋಡಿನಲ್ಲಿ ಎರಡೂ ಗಾಡಿಗೆ ಅಂಥ ವ್ಯತ್ಯಾಸವಿಲ್ಲ. ಗಲ್ಲಿಯಲ್ಲಿ, ನಿಧಾನದ ಓಟದಲ್ಲಿ, ನಿಂತಿರುವಾಗ ವ್ಯತ್ಯಾಸ ಅಜಗಜಾಂತರ.

ಎಂಜಿನ್ ಮೌನವಾದ ಮೇಲೆ ಉಳಿದ ಸದ್ದುಗಳು ಎದ್ದು ಕೇಳುತ್ತವೆ. ಪೆಟ್ಟಿಗೆಯ ತಳಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಬಾಗಿಲಿನ ಕೀಲಿಗೆ ಗ್ರೀಸ್ ಹಚ್ಚಿ, ಚಿಲಕ ಗಲಗಲ ಎನ್ನದಂತೆ ರಬ್ಬರ್ ತುಂಡು ಕೂರಿಸಿ, ಖಾಲಿ ಕ್ರೇಟ್ ಎಸೆಯಬಾರದೆಂದು ಹುಡುಗರಿಗೆ ಹೇಳಿ.

ಅಪಾಯವೂ ಅಷ್ಟೇ ನಿಜ. ನಮ್ಮ ಬೀದಿಗಳಲ್ಲಿ ನಾಯಿ, ಬೆಕ್ಕು ಗಾಡಿಯಡಿ ಮಲಗುತ್ತವೆ. ಡೀಸೆಲ್ ಎಂಜಿನ್ ಕೆಮ್ಮಿದರೆ ಎದ್ದು ಓಡುತ್ತವೆ. ಇಲ್ಲಿ ಎಬ್ಬಿಸುವ ಸದ್ದೇ ಇಲ್ಲ. ಹೊರಡುವ ಮೊದಲು ಬಗ್ಗಿ ನೋಡುವುದು, ಪೆಟ್ಟಿಗೆಯನ್ನು ಎರಡು ಸಲ ಕೈಯಿಂದ ತಟ್ಟುವುದು ಡ್ರೈವರಿಗೆ ರೂಢಿಯಾಗಲಿ. ರಿವರ್ಸ್ ಹಾರ್ನ್ ಕಿತ್ತು ಹಾಕಬೇಡಿ.

ಮಳೆ, ಹಬ್ಬ, ದಿನದ ಆರೈಕೆ

ಬ್ಯಾಟರಿ ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷಿಸಿದ್ದು. ಅದು ಹೊಸ ಬ್ಯಾಟರಿ ಪೆಟ್ಟಿಗೆಯ ಮಾತು. ಮೂರು ವರ್ಷ ಗುಂಡಿ ಹಾರಿದ ಗಾಡಿಯ ಕನೆಕ್ಟರುಗಳ ಮಾತಲ್ಲ. ಅಂಡರ್‌ಪಾಸ್‌ನಲ್ಲಿ ನೀರು ಚಕ್ರದ ನಡುಭಾಗ ಮುಟ್ಟುವಂತಿದ್ದರೆ ಇಳಿಸಬೇಡಿ. ನೀರಿನಲ್ಲಿ ಸಿಕ್ಕಿಕೊಂಡಿದ್ದರೆ ಕೀ ಆಫ್ ಮಾಡಿ ಹೊರಬನ್ನಿ, ಕಿತ್ತಳೆ ಬಣ್ಣದ ವೈರು ಮುಟ್ಟಬೇಡಿ, ಸರ್ವೀಸಿನವರು ಇನ್ಸುಲೇಷನ್ ಪರೀಕ್ಷಿಸುವವರೆಗೆ ಚಾರ್ಜಿಗೆ ಹಾಕಬೇಡಿ.

ಆಯುಧಪೂಜೆಗೆ ಗಾಡಿ ತೊಳೆಯುವಾಗಲೂ ಇದೇ ಎಚ್ಚರ. ಪ್ರೆಷರ್ ಗನ್ನನ್ನು ಮೋಟಾರು, ಕಂಟ್ರೋಲರ್, ಚಾರ್ಜಿಂಗ್ ಮುಚ್ಚಳದತ್ತ ಹಿಡಿಯಬೇಡಿ. ದೀಪ, ಕರ್ಪೂರ ಹಚ್ಚುವ ಮುಂಚೆ ಚಾರ್ಜಿಂಗ್ ಕೇಬಲ್ ಬಿಚ್ಚಿಡಿ. ರಜೆಗೆ ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಶೇ. 50ರಿಂದ 60 ಚಾರ್ಜಿನಲ್ಲಿ ಬಿಡಿ. ಪೂರ್ತಿ ಇಳಿಸಿ ಬಿಟ್ಟು ಊರಿಗೆ ಹೋದರೆ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ವಾರಕ್ಕೊಮ್ಮೆ ನೂರಕ್ಕೆ ನೂರು ತುಂಬಿಸಿ. ಅದರ ವೋಲ್ಟೇಜ್ ಅರ್ಧ ಚಾರ್ಜಿನಲ್ಲೂ ಮುಕ್ಕಾಲು ಚಾರ್ಜಿನಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಪೂರ್ತಿ ತುಂಬಿದಾಗಷ್ಟೇ ಮೀಟರು ತನ್ನ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಶೇ. 20 ತೋರಿಸುತ್ತಿದ್ದ ಗಾಡಿ ಏಕಾಏಕಿ ನಿಲ್ಲಬಹುದು. ಇನ್ನೊಂದು, ಬಹಳ ಜನ ಮರೆಯುವುದು: ಈ ಗಾಡಿಯಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎಚ್ಚರವಾಗುವುದಿಲ್ಲ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿ. ಮೋಟಾರಿನ ಎಳೆತ ಒಮ್ಮೆಲೇ ಬರುವುದರಿಂದ ಟೈರು ಬೇಗ ಸವೆಯುತ್ತದೆ. ಬ್ರೇಕ್ ಪ್ಯಾಡ್ ಮಾತ್ರ ಹೆಚ್ಚು ಕಾಲ ಬರುತ್ತದೆ.

ಕಾಗದಪತ್ರ, ದೊಡ್ಡ ಲಾರಿ, ಕೊಳ್ಳುವ ದಿನ

ಬ್ಯಾಟರಿ ಗೂಡ್ಸ್ ಗಾಡಿಗಳಿಗೆ 2018ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ಪರ್ಮಿಟ್ ವಿನಾಯಿತಿ ಕೊಟ್ಟಿದೆ. ನಂಬರ್ ಪ್ಲೇಟ್ ಹಸಿರು, ಗೂಡ್ಸ್ ಗಾಡಿಯಾದ್ದರಿಂದ ಅಕ್ಷರ ಹಳದಿ. ಎಮಿಷನ್ ಟೆಸ್ಟ್ ಬೇಡ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಬೇಕೇ ಬೇಕು. ಪರ್ಮಿಟ್ ಬೇಡವೆಂದರೆ ಪೀಕ್ ಅವರಿನ ನೋ ಎಂಟ್ರಿಯೂ ಇಲ್ಲವೆಂದಲ್ಲ.

ದೊಡ್ಡ ಲಾರಿಯ ಮಾತು ಬೇರೆ. ನೆಲಮಂಗಲ ಅಥವಾ ಹೊಸಕೋಟೆಯ ಗೋದಾಮಿನಿಂದ ಊರೊಳಗೆ ಬಂದು ಹೋಗುವ ಗೊತ್ತಾದ ಓಟಕ್ಕೆ, ಗೋದಾಮಿನಲ್ಲೇ ಚಾರ್ಜರ್ ಇದ್ದರೆ ಯೋಚಿಸಬಹುದು. ಚೆನ್ನೈ, ಹುಬ್ಬಳ್ಳಿ ಕಡೆಯ ಲೋಡಿಗೆ ಸದ್ಯಕ್ಕೆ ಡೀಸೆಲ್ಲೇ ಇರಲಿ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯ ಟ್ರಕ್ ಸಹಾಯಧನ, ಲೋಡು ಸೇರಿ ಒಟ್ಟು ತೂಕ 3.5 ಟನ್ ಮೀರಿದ ಎನ್2, ಎನ್3 ವರ್ಗಕ್ಕೆ ಮಾತ್ರ. ಸಣ್ಣ ವ್ಯಾನಿಗೆ ಸಿಗುತ್ತದೆಂದು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಡಿ.

ಬುಕ್ ಮಾಡುವ ಮೊದಲು ಡೆಮೊ ಗಾಡಿಯನ್ನು ಒಂದು ಇಡೀ ದಿನಕ್ಕೆ ಕೇಳಿ. ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗದು. ನಿಮ್ಮದೇ ಲೋಡು, ನಿಮ್ಮದೇ ರೂಟು, ನಿಮ್ಮದೇ ಡ್ರೈವರ್. ನೂರರಿಂದ ಶುರುಮಾಡಿ ಪ್ರತಿ 10 ಕಿ.ಮೀ.ಗೆ ಎಷ್ಟು ಇಳಿಯಿತೆಂದು ಬರೆಯಿರಿ. ಅಪಾರ್ಟ್‌ಮೆಂಟ್ ಡೆಲಿವರಿ ಇದ್ದರೆ ಬೇಸ್‌ಮೆಂಟ್ ರ‍್ಯಾಂಪಿನ ನಡುವೆ ಪೂರ್ತಿ ಲೋಡಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ, ಹಿಂದಕ್ಕೆ ಜಾರುತ್ತದೆಯೇ ನೋಡಿ. ಪೆಟ್ಟಿಗೆಯ ಎತ್ತರ ಅಳೆದು ಬೇಸ್‌ಮೆಂಟಿನ ತೊಲೆಗೆ, ಪೈಪಿಗೆ ತಾಳೆ ಹಾಕಿ.

ಡೀಲರನ್ನು ಲಿಖಿತವಾಗಿ ಕೇಳಬೇಕಾದದ್ದು ಮೂರು: ಬ್ಯಾಟರಿಯ ಶಕ್ತಿ ಶೇಕಡಾ ಎಷ್ಟಕ್ಕೆ ಇಳಿದರೆ ವಾರಂಟಿಯಲ್ಲಿ ಬದಲಿಸಿಕೊಡುತ್ತೀರಿ, ಆ ಅಳತೆ ಯಾರು ಮಾಡುತ್ತಾರೆ, ಗಾಡಿ ರಿಪೇರಿಗೆ ನಿಂತ ದಿನಗಳಿಗೆ ಬದಲಿ ಗಾಡಿ ಉಂಟೇ. ಮೂರನೆಯದಕ್ಕೆ ಇಲ್ಲ ಎಂದರೆ ಹಳೆಯ ಡೀಸೆಲ್ ಗಾಡಿಯನ್ನು ಮೂರು ತಿಂಗಳಾದರೂ ಮಾರದೆ ಇಟ್ಟುಕೊಂಡು, ತುಮಕೂರು, ಕೋಲಾರದ ಓಟಗಳಿಗೆ ಅದನ್ನೇ ಕಳಿಸಿ.