ಎಥನಾಲ್‌ನಿಂದ ನೀರು ತೆಗೆಯುವುದು: ಸಿಮ್ಯುಲೇಶನ್‌ನಲ್ಲಿ ಹಬೆ ಉಳಿಸುವ ಬಗೆ

ಎಥನಾಲ್-ನೀರಿನ ಮಿಶ್ರಣವನ್ನು ಎಷ್ಟೇ ಬಟ್ಟಿ ಇಳಿಸಿದರೂ ತೂಕದಲ್ಲಿ ಶೇ 95.6ಕ್ಕೆ ಬಂದು ನಿಲ್ಲುತ್ತದೆ. ಹಿಂದೆ ಇದಕ್ಕೆ ಬೆಂಜೀನ್ ಬೆರೆಸುತ್ತಿದ್ದರು. ಅದು ಕ್ಯಾನ್ಸರ್‌ಕಾರಕ. ನಾನು ಬಳಸುವುದು ಎಥಿಲೀನ್ ಗ್ಲೈಕಾಲ್, ಎರಡು ಕಾಲಮ್ (ಬಟ್ಟಿ ಇಳಿಸುವ ಗೋಪುರ). ಮೊದಲನೆಯದರಲ್ಲಿ ಗ್ಲೈಕಾಲ್ ನೀರನ್ನು ಹಿಡಿದು ಕೆಳಗಿಳಿಯುತ್ತದೆ, ಎಥನಾಲ್ ಮೇಲೆ ಬರುತ್ತದೆ; ಎರಡನೆಯದು ಆ ನೀರನ್ನು ಗ್ಲೈಕಾಲ್‌ನಿಂದ ಬೇರ್ಪಡಿಸುತ್ತದೆ. ಗ್ಲೈಕಾಲೂ ವಿಷವೇ, ಆದರೆ 197 ಡಿಗ್ರಿಯಲ್ಲಿ ಕುದಿಯುವ ದ್ರವವಾದ್ದರಿಂದ ಗಾಳಿಗೆ ಸೇರುವುದು ಕಡಿಮೆ.

ಸಿಮ್ಯುಲೇಶನ್‌ನಲ್ಲಿ ಐಡಿಯಲ್ ಮಾದರಿ (ಬೇರೆ ಬೇರೆ ಅಣುಗಳ ನಡುವಿನ ಸೆಳೆತದ ವ್ಯತ್ಯಾಸವನ್ನು ಲೆಕ್ಕಿಸದ್ದು) ಇಟ್ಟರೆ ಅಝಿಯೋಟ್ರೋಪ್, ಅಂದರೆ ಬಟ್ಟಿ ಇಳಿಸುವಿಕೆ ಬಂದು ನಿಲ್ಲುವ ಆ ಮಿಶ್ರಣ, ಕಾಣಿಸುವುದೇ ಇಲ್ಲ. ಒಂದೇ ಕಾಲಮ್‌ನಲ್ಲಿ ಶೇ 99.9 ಬಂದುಬಿಡುತ್ತದೆ, ಎರರ್ ಒಂದೂ ಇಲ್ಲ, ಉತ್ತರ ಮಾತ್ರ ಪೂರ್ತಿ ಸುಳ್ಳು. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎನ್‌ಆರ್‌ಟಿಎಲ್ ಮಾದರಿ ಆಯ್ದು, 78.2 ಡಿಗ್ರಿಯಲ್ಲಿ, ಮೋಲ್ ಲೆಕ್ಕದ 0.89ರ ಬಳಿ ದ್ರವ-ಆವಿ ಗೆರೆಗಳು ಕೂಡುತ್ತವೆಯೇ ಎಂದು ನೋಡಿಯೇ ಮುಂದುವರಿಯುತ್ತೇನೆ.

ಫೀಡ್ (ಒಳಹೋಗುವ ಮಿಶ್ರಣ) ಗಂಟೆಗೆ 100 ಕಿಲೋಮೋಲ್, ಅದರಲ್ಲಿ 85 ಎಥನಾಲ್ ಎನ್ನಿ. ಮೊದಲ ಕಾಲಮ್‌ನಲ್ಲಿ 24 ಹಂತ, ಗ್ಲೈಕಾಲ್ 100 ಕಿಲೋಮೋಲ್ ಮೇಲಿನಿಂದ 4ನೇ ಹಂತಕ್ಕೆ, ಫೀಡ್ ಸಾಕಷ್ಟು ಕೆಳಗೆ, ರಿಫ್ಲಕ್ಸ್ (ಮೇಲೆ ತಣಿದ ದ್ರವದಲ್ಲಿ ಕಾಲಮ್‌ಗೆ ಮರಳಿ ಬಿಡುವುದು, ಹೊರತೆಗೆದದ್ದಕ್ಕೆ ಹೋಲಿಸಿ) 0.5: ಇವು ಆರಂಭದ ಊಹೆ. ಡಿಸ್ಟಿಲೇಟ್ (ಮೇಲಿನಿಂದ ಹೊರಬರುವುದು) 86 ಎಂದು ಬಿಗಿದರೆ ಶೇ 99.8 ಶುದ್ಧತೆ ಎಂದಿಗೂ ಸಿಗದು. 85ರ ಮೇಲೆ ಬರುವುದು ನೀರೇ ತಾನೇ.

ಶುದ್ಧತೆ ಸಾಲದಿದ್ದಾಗ ಕೈ ತಾನಾಗಿ ರಿಫ್ಲಕ್ಸ್ ಏರಿಸಲು ಹೋಗುತ್ತದೆ. ಇಲ್ಲಿ ಅದು ತಿರುಗುಬಾಣ. ಮೇಲಿನಿಂದ ಇಳಿಯುವ ಎಥನಾಲ್ ಹಂತಗಳಲ್ಲಿರುವ ಗ್ಲೈಕಾಲನ್ನು ತೆಳುವಾಗಿಸುತ್ತದೆ, ನೀರು ತಪ್ಪಿಸಿಕೊಂಡು ಮೇಲೇರುತ್ತದೆ. ಒಂದು ಮಿತಿ ದಾಟಿದರೆ ಹಬೆಯೂ ಹೆಚ್ಚು, ಶುದ್ಧತೆಯೂ ಕಡಿಮೆ. ಹಾಗಾಗಿ ಗ್ಲೈಕಾಲ್ ಪ್ರಮಾಣ, ರಿಫ್ಲಕ್ಸ್ ಎರಡನ್ನೂ ಒಟ್ಟಿಗೆ ಬದಲಿಸಿ, ಎರಡೂ ರೀಬಾಯ್ಲರ್‌ಗಳ (ಕಾಲಮ್ ತಳದ ದ್ರವವನ್ನು ಹಬೆಯಿಂದ ಕುದಿಸುವ ಸಾಧನ) ಒಟ್ಟು ಹೊರೆ ಎಲ್ಲಿ ಕನಿಷ್ಠ ಎಂದು ಹುಡುಕಬೇಕು.

ಗ್ಲೈಕಾಲ್ ಮರಳಿ ಪಡೆಯುವ ಕಾಲಮ್ 0.2 ಬಾರ್‌ನಲ್ಲಿರಲಿ. ತಳ ಸುಮಾರು 150 ಡಿಗ್ರಿ, 8 ಬಾರ್ ಹಬೆ ಸಾಕು. ವಾತಾವರಣದ ಒತ್ತಡದಲ್ಲಾದರೆ ಸುಮಾರು 22 ಬಾರ್ ಬೇಕು, ಗ್ಲೈಕಾಲೂ ಕೆಡುತ್ತದೆ. 0.02 ಬಾರ್‌ಗೆ ಇಳಿಸುವ ಆಸೆ ಬೇಡ: ಆಗ ನೀರಿನ ಆವಿ 17-18 ಡಿಗ್ರಿಯಲ್ಲಿ ತಣಿಯಬೇಕಾಗುತ್ತದೆ, ಕೂಲಿಂಗ್ ಟವರ್ ನೀರಿಗೆ ಅದು ಆಗದ ಕೆಲಸ.

ರಿಸೈಕಲ್, ಅಂದರೆ ಎರಡನೇ ಕಾಲಮ್ ತಳದ ಗ್ಲೈಕಾಲ್ ಮೊದಲನೆಯದಕ್ಕೆ ಮರಳುವ ಸುತ್ತನ್ನು, ಮೊದಲೇ ಜೋಡಿಸಿ ಮುಚ್ಚಬೇಡಿ. ತೆರೆದಿಟ್ಟು ಓಡಿಸಿ, ತಳದ ಗ್ಲೈಕಾಲ್‌ನ ಅಂಕಿಗಳನ್ನೇ ಊಹೆಯಾಗಿ ಕೊಟ್ಟು ಆಮೇಲೆ ಮುಚ್ಚಿ. ಹೊಸದಾಗಿ ಸೇರಿಸುವ ಗ್ಲೈಕಾಲ್, ಎರಡು ಡಿಸ್ಟಿಲೇಟ್‌ಗಳಲ್ಲಿ ಹೋದಷ್ಟೇ ಇರಬೇಕು. ಕೈಯಿಂದ ಅಂಕಿ ಕೊಟ್ಟರೆ ಆ ಸುತ್ತಿನ ಲೆಕ್ಕ ಮುಗಿಯುವುದೇ ಇಲ್ಲ.

ಕೊನೆಗೆ ಶಾಖ. 150 ಡಿಗ್ರಿಯ ಗ್ಲೈಕಾಲ್ 25 ಡಿಗ್ರಿಯ ಫೀಡನ್ನು 77ಕ್ಕೆ ಏರಿಸಿ ತಾನು 112ರ ಸುಮಾರಿಗೆ ಇಳಿಯುತ್ತದೆ. ಕೈಲೆಕ್ಕದಲ್ಲಿ ಸುಮಾರು 180 ಕಿಲೋವ್ಯಾಟ್. ಅಲ್ಲಿಂದ 70ಕ್ಕೆ ತಣಿಸಿ ಕಾಲಮ್‌ಗೆ ಬಿಡುತ್ತೇನೆ. ಇನ್ನೂ ತಣ್ಣಗಿದ್ದರೆ ಅದು ಹಂತದಲ್ಲೇ ಆವಿಯನ್ನು ದ್ರವವಾಗಿಸಿ, ರಿಫ್ಲಕ್ಸ್ ಹೆಚ್ಚಿದಂತೆಯೇ ಕಾಟ ಕೊಡುತ್ತದೆ.